ಹೋಲ್ಡರ್ ಖಾಲಿಯಾಗಿತ್ತು

"ಪ್ಲೇಯರ್ ಎಲ್ಲಿ?"

ನರೇಂದ್ರನ ಪ್ರಶ್ನೆಗೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆರ್.ಟಿ. ನಗರದಲ್ಲಿ ಜಮೀರನದು ಕಾರ್ ಆಡಿಯೊ ಅಂಗಡಿ. ಆಯುಧಪೂಜೆಯ ಮಾರನೆಯ ದಿನ, ಬಾಡಿದ ಚೆಂಡುಹೂವಿನ ಹಾರ ಹೊತ್ತ ಹಳೇ ಕಾರನ್ನು ನರೇಂದ್ರ ಜಕ್ಕೂರಿನಿಂದ ತಂದು ಬಿಟ್ಟು ಹೋಗಿದ್ದ. ಹಳೇ ಸ್ಟೀರಿಯೊ ತೆಗೆದು ಹೊಸದು ಹಾಕಬೇಕಿತ್ತು. ಮಧ್ಯಾಹ್ನ ಬಂದು ನೋಡಿದರೆ, ಡ್ಯಾಶ್‌ಬೋರ್ಡಿನ ಹೋಲ್ಡರಿನಲ್ಲಿರಬೇಕಾದ ಪುಟ್ಟ ಮ್ಯೂಸಿಕ್ ಪ್ಲೇಯರ್ ಮಾಯ.

"ಅದು ನಮ್ಮಪ್ಪಂದು ಕಣ್ರೀ. ಸ್ಯಾಟಲೈಟ್ ರೇಡಿಯೊ ನಿಂತುಹೋಗೋ ಮುಂಚೆ ಅದರಲ್ಲಿ ಬರ್ತಿದ್ದ ಸಂಗೀತಾನೆಲ್ಲ ಅದಕ್ಕೆ ತುಂಬ್ಕೊಂಡಿದ್ರು. ಊರೆಲ್ಲ ಹುಡುಕಿದ್ರೂ ಮತ್ತೆ ಸಿಗಲ್ಲ."

ಕಾರಿನೊಳಗೆ ಕೂತವರು ಇಬ್ಬರು. ಕೆಲಸ ಮಾಡಿದ ಸಲ್ಮಾನ್ ಒಬ್ಬ, ಸೀಟ್ ಕವರಿಗೆ ಅಳತೆ ತೆಗೆದ ಪಕ್ಕದಂಗಡಿಯ ಮುಜಫ್ಫರ್ ಇನ್ನೊಬ್ಬ. ಸಲ್ಮಾನನ ಮುಖ ಬಿಳಚಿಕೊಂಡಿತು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ಇವನ ಮುಖ ನೋಡಿ," ಎಂದ ನರೇಂದ್ರ. "ಕಂಪ್ಲೇಂಟ್ ಕೊಡ್ತೀನಿ."

ಜಮೀರ್ ಕೈಯಲ್ಲಿದ್ದ ಕೆಲಸ ಬಿಟ್ಟು ಮುಂದೆ ಬಂದ. ವೈರು ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಸಲ್ಮಾನನಿಗೆ ಕಲಿಸಿದವನು ಅವನೇ. ಹುಡುಗನಿಗೆ ಹೆಬ್ಬಾಳದ ದೊಡ್ಡ ಶೋರೂಮಿನಲ್ಲಿ ಕೆಲಸ ಸಿಕ್ಕಿತ್ತು. ಪೊಲೀಸ್ ವೆರಿಫಿಕೇಷನ್ ಒಂದೇ ಬಾಕಿ. ಈಗ ಠಾಣೆಯಲ್ಲಿ ಹೆಸರು ಬಿತ್ತೆಂದರೆ ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ.

"ಸ್ವಲ್ಪ ತಡೀರಿ," ಎಂಬ ದನಿ ಬೆಂಚಿನ ಕಡೆಯಿಂದ ಬಂತು. ಹಾರ್ನ್ ರಿಪೇರಿಗೆ ಕಾದು ಕೂತಿದ್ದ ಜ್ಯೋತಿಲಕ್ಷ್ಮಿ — ಯಲಹಂಕದಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು. ಸುಮ್ಮನೆ ಕೂರುವ ಜಾಯಮಾನ ಅವರದಲ್ಲ.

"ಸಲ್ಮಾನ್, ಕಾರು ಬಂದಾಗ ಪ್ಲೇಯರ್ ಇತ್ತೇನಪ್ಪಾ?"

"ಇರ್ಲಿಲ್ಲ ಮೇಡಂ. ಸರ್ ತಗೊಂಡು ಹೋಗಿರ್ತಾರೆ ಅಂದ್ಕೊಂಡೆ."

"ನಾನೂ ನೋಡ್ಲಿಲ್ಲಕ್ಕಾ," ಎಂದ ಮುಜಫ್ಫರ್.

"ನರೇಂದ್ರ ಅವರೇ, ನೀವು ಬೆಳಿಗ್ಗೆ ಕಣ್ಣಾರೆ ನೋಡಿದ್ರಾ?"

"ಅದು ಯಾವಾಗ್ಲೂ ಅಲ್ಲೇ ಇರುತ್ತಲ್ಲ ಮೇಡಂ."

"ನಾನು ಕೇಳಿದ್ದು ಅದಲ್ಲ." ಜ್ಯೋತಿಲಕ್ಷ್ಮಿ ಕಾರಿನೊಳಗೆ ಬಗ್ಗಿ ಮೊಬೈಲ್ ಬೆಳಕು ಬಿಟ್ಟರು. ಸ್ಟೀರಿಂಗಿಗೆ ಗಂಧ-ಕುಂಕುಮದ ಬೊಟ್ಟು. ಗೇರಿಗೆ ಬೊಟ್ಟು. ಎಂದೋ ಮೂಕವಾದ ಸ್ಯಾಟಲೈಟ್ ರೇಡಿಯೊ ಡಬ್ಬಿಗೂ ಬೊಟ್ಟು. "ಪೂಜೆ ಮಾಡಿದ್ದು ಯಾರು?"

"ನಮ್ಮಪ್ಪ. ನಿನ್ನೆ. ಒಂದನ್ನೂ ಬಿಡಲ್ಲ ಅವರು. ಆಮೇಲೆ ನಿಂಬೆಹಣ್ಣಿನ ಮೇಲೆ ಹತ್ತಿಸಿ ನಿಲ್ಲಿಸಿದ ಕಾರು, ಇವತ್ತೇ ತೆಗೆದಿದ್ದು."

"ಪ್ಲೇಯರ್ ಕಳೆದಿದೆ ಅಂತ ಅವರಿಗೆ ಹೇಳಿದ್ರಾ?"

"ಅಯ್ಯೋ, ಗೊತ್ತಾದ್ರೆ ಊಟ ಬಿಡ್ತಾರೆ. ಹೇಳಿಲ್ಲ."

"ಹೇಳಿ. ಈಗ್ಲೇ ಫೋನ್ ಮಾಡಿ." ಅವರು ಎಲ್ಲರನ್ನೂ ಹತ್ತಿರ ಕರೆದರು. "ಹೋಲ್ಡರ್ ಒಳಗೆ ನೋಡಿ. ತಳದಲ್ಲಿ ಏನಿದೆ?"

ಜಮೀರ್ ಇಣುಕಿದ. ಒಳಗೆ, ಪ್ಲೇಯರ್ ಕೂರುವ ಜಾಗದಲ್ಲೇ ಒಂದು ಬೊಟ್ಟು.

"ಪ್ಲೇಯರ್ ಇದ್ದಿದ್ರೆ ಬೊಟ್ಟು ಅದರ ಮೈಮೇಲೆ ಬೀಳ್ತಿತ್ತು. ಅಂದ್ರೆ ಪೂಜೆ ಹೊತ್ತಿಗೇ ಹೋಲ್ಡರ್ ಖಾಲಿ. ಆಮೇಲೆ ವಾಪಸ್ ಇಟ್ಟಿದ್ರೂ ಬೊಟ್ಟು ಅಳಿಸ್ತಿತ್ತು. ಇದು ಇಟ್ಟ ಹಾಗೇ ಒಣಗಿದೆ. ಖಾಲಿ ಅಂತ ಗೊತ್ತಿದ್ದೂ ಬೊಟ್ಟಿಟ್ಟು ಸುಮ್ಮನಿದ್ದವರು ಯಾರು? ನಿಮ್ಮ ತಂದೆ. ತೆಗೆದದ್ದೂ ಅವರೇ."

ನರೇಂದ್ರ ಸ್ಪೀಕರ್ ಹಾಕಿ ಫೋನ್ ಮಾಡಿದ. ಆ ಕಡೆಯಿಂದ ಮುನಿವೆಂಕಟಯ್ಯನವರ ದನಿ ಬಂತು.

"ಅದಾ? ನನ್ ಜೇಬಲ್ಲೇ ಐತೆ ಕಣೋ. ಅಳೇದೆಲ್ಲಾ ಎಕ್ಸ್‌ಚೇಂಜ್‌ಗೆ ಆಕ್ಬಿಡ್ತೀನಿ ಅಂತ ನೀನು ಫೋನಲ್ಲಿ ಅಂತಿದ್ದೆ. ಅದ್ಕೇ ಎತ್ತಿಟ್ಕೊಂಡೆ. ಯಾಕೆ, ಏನಾಯ್ತು?"

"ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತು," ಎಂದರು ಜ್ಯೋತಿಲಕ್ಷ್ಮಿ. ನಡೆದದ್ದನ್ನೆಲ್ಲ ಅವರೇ ಹೇಳಿದರು; ಸಲ್ಮಾನನ ಹೊಸ ಕೆಲಸ, ಪೊಲೀಸ್ ವೆರಿಫಿಕೇಷನ್ ವಿಷಯವನ್ನು ಜಮೀರ್ ಸೇರಿಸಿದ.

ಮುನಿವೆಂಕಟಯ್ಯ ಮಗನನ್ನು ತರಾಟೆಗೆ ತೆಗೆದುಕೊಂಡರು. "ನನ್ನನ್ನ ಒಂದು ಮಾತು ಕೇಳೋದಲ್ವೇನೋ ನರೇಂದ್ರ? ಆ ಉಡುಗನ ವೆರಿಫಿಕೇಷನ್‌ಗೆ ಸಾಕ್ಷಿ ಬೇಕಾಗ್ತದಾ?"

"ಇಬ್ಬರು ಬೇಕು ಯಜಮಾನ್ರೇ," ಎಂದ ಜಮೀರ್. "ಒಬ್ಬ ನಾನು. ಇನ್ನೊಬ್ಬರನ್ನ ಹುಡುಕ್ತಿದ್ವಿ."

"ಉಡುಕ್ಬೇಡಿ. ನನ್ ಮಗ ಸಹಿ ಆಕ್ತಾನೆ."

ನರೇಂದ್ರ ತಲೆ ತಗ್ಗಿಸಿದ. ಆಮೇಲೆ ಸಲ್ಮಾನನ ಹೆಗಲ ಮೇಲೆ ಕೈ ಇಟ್ಟ. "ತಪ್ಪಾಯ್ತು ಕಣೋ. ಇವನು ನಂಬಿಕಸ್ಥ ಅಂತ ಬರೆದು ಸಹಿ ಹಾಕ್ತೀನಿ. ಪೆನ್ ಕೊಡಿ ಜಮೀರಣ್ಣ."

ಪೆನ್ ಜಮೀರನ ಜೇಬಿನಲ್ಲೇ ಇತ್ತು, ಆದರೂ ಸಂತೋಷದಲ್ಲಿ ಮೇಜಿನ ಮೇಲೆಲ್ಲ ತಡಕಾಡಿದ.