ಕಾರ್ಬೊರೇಟರಿನೊಳಗಿನ ಕೆಂಪು

ಗೇಟು ಬೀಳುತ್ತಿತ್ತು!

ಹಿಂದೆ ಮರುಳಪ್ಪನ ಜೀಪು. ಮುಂದೆ ಅರಸೀಕೆರೆಯ ರೈಲ್ವೆ ಗೇಟು. ನಡುವೆ ನಾನು... ನೆಲದಿಂದ ಒಂದು ಗೇಣು ಮೇಲೆ, ನೀರಿನ ಪೈಪು ಬಗ್ಗಿಸಿ ಮಾಡಿದ ಗೋ-ಕಾರ್ಟಿನಲ್ಲಿ ಕಾಲು ಚಾಚಿ ಕೂತಿದ್ದೆ.

ಬೆನ್ನ ಹಿಂದೆ ಹಳೇ ಮೋಟಾರ್‌ಸೈಕಲ್ಲಿನ ನೂರು ಸಿಸಿ ಇಂಜಿನ್ ಕಿರುಚುತ್ತಿತ್ತು.

ಸೀರೆ ಉಟ್ಟು ಗೋ-ಕಾರ್ಟ್ ಓಡಿಸಬೇಡಿ. ಸೆರಗು ಚೈನಿಗೆ ಸಿಕ್ಕಿದರೆ ಕತೆ ಅಲ್ಲಿಗೇ ಮುಗಿಯುತ್ತದೆ. ನಾನು ಚೂಡಿದಾರ್ ಹಾಕಿದ್ದೆ. ದುಪ್ಪಟ್ಟಾವನ್ನು ಬ್ಯಾಗಿನೊಳಗೆ ತುರುಕಿದ್ದೆ. ಅದೇ ಬ್ಯಾಗಿನಲ್ಲಿ ಒಂದು ಕಾರ್ಬೊರೇಟರ್.

ಜೀಪಿನವರಿಗೆ ಬೇಕಾಗಿದ್ದದ್ದು ಅದೇ.

"ಏಯ್! ಸಾಕ್ಷಿ ಕದ್ಕೊಂಡ್ ಓಯ್ತಾವ್ಳೆ! ಹಿಡೀರ್ಲಾ!"

ಗೇಟ್‌ಮನ್ ಗಂಗಯ್ಯ ಎರಡೂ ಕೈ ಬೀಸಿದ. "ಲತಾಮಣೀ! ಗೂಡ್ಸ್ ಬತ್ತೈತೆ ಕಣೇ! ಸಾಯ್ತೀಯಾ!"

ಬದುಕಿದ್ದು ಮಹಾ ಏನು ಕಡಿದಿದ್ದೆ... ತಲೆಯನ್ನು ಹಿಂದಕ್ಕೆ ಎಸೆದೆ. ಗೇಟಿನ ಕಂಬಿ ಮೂಗಿನ ಮೇಲೆ ಹಾದುಹೋಯಿತು.

ಗೋ-ಕಾರ್ಟಿಗೆ ಸಸ್ಪೆನ್ಶನ್ ಇರುವುದಿಲ್ಲ. ನಾಲ್ಕು ಹಳಿ. ನಾಲ್ಕು ಸಲ ಬೆನ್ನುಮೂಳೆ ಹಲ್ಲಿನವರೆಗೆ ಬಂದು ವಾಪಸ್ ಹೋಯಿತು. ಆಚೆ ಕಡೆಯ ಕಂಬಿಗೂ ಹಾಗೇ ಮಲಗಿದೆ. ದಾಟಿದೆ!

ಹಿಂದೆಯೇ ಗೂಡ್ಸ್ ರೈಲು ಬಂತು. ಐವತ್ತಕ್ಕೂ ಹೆಚ್ಚು ವ್ಯಾಗನ್. ಎಳೆದುಕೊಂಡು ಹೋಗುವುದೇ ಒಂದು ಪಾಪ ಎನ್ನುವಂತೆ ಸಾಗುತ್ತಿತ್ತು.

ಮಣಿಕಟ್ಟಿಗೆ ಕಟ್ಟಿದ್ದ ದಾರ ಎಳೆದೆ. ಕಿಲ್ ಸ್ವಿಚ್. ಇಂಜಿನ್ ಆ ಕ್ಷಣವೇ ಸತ್ತಿತು. ಸವಾರ ಹಾರಿ ಬಿದ್ದರೆ ದಾರವೂ ಅವನೊಡನೆ ಬರುತ್ತದೆ, ಗಾಡಿ ತಾನಾಗಿ ನಿಲ್ಲುತ್ತದೆ. ಅರಸೀಕೆರೆಯ ತನ್ನ ಶೆಡ್ಡಿನಲ್ಲಿ ಲಕ್ಷ್ಮೀಶ ಮಾಡಿದ ಪ್ರತಿ ಗಾಡಿಯಲ್ಲೂ ಇದು ಇರುತ್ತಿತ್ತು. ಜೊತೆಗೆ ಆಕ್ಸಿಲರೇಟರಿಗೆ ಒಂದಲ್ಲ, ಎರಡು ಸ್ಪ್ರಿಂಗ್. ಚೈನಿನ ಮೇಲೆ ಎಣ್ಣೆ ಡಬ್ಬದ ತಗಡಿನ ಕವಚ.

ಇಂಥವನು ಕೊಲೆ ಮಾಡಿದ ಅಂತ ಮರುಳಪ್ಪ ಹೇಳುತ್ತಿದ್ದ.

ರೈಲು ದಾಟುವವರೆಗೆ ಹೇಳಿಬಿಡುತ್ತೇನೆ, ಕೇಳಿ.

ನಾನು ಸ್ಟೇಷನ್ ರಸ್ತೆಯಲ್ಲಿ ಇಂಜಿನ್ ಬಿಚ್ಚುವವಳು. ಕೂಡಿಸುವವರು ಬೇಕಾದಷ್ಟು ಜನ ಇದ್ದಾರೆ. ಪಿಸ್ಟನ್ ಸೀಜ್ ಆಗಿ ಕಚ್ಚಿಕೊಳ್ಳುತ್ತದೆ. ಓನರ್ ಮೆಕ್ಯಾನಿಕ್‌ಗೆ ಬೈಯುತ್ತಾನೆ, ಮೆಕ್ಯಾನಿಕ್ ಓನರಿಗೆ. ಕಡೆಗೆ ಇಬ್ಬರೂ ನನ್ನ ಹತ್ತಿರ ಬರುತ್ತಾರೆ. ನಾನು ಬಿಚ್ಚಿ ನೋಡಿ ತಪ್ಪು ಯಾರದೆಂದು ಹೇಳುತ್ತೇನೆ. ಹನ್ನೊಂದು ವರ್ಷ! ಒಬ್ಬರೂ ಎದುರಾಡಿಲ್ಲ. ಕಬ್ಬಿಣ ಸುಳ್ಳು ಹೇಳುವುದಿಲ್ಲ. ನಾನೂ ಹೇಳಿರಲಿಲ್ಲ.

ಭಾನುವಾರ ಬೇಲೂರಿನ ಹೊಸ ಲೇಔಟಿನಲ್ಲಿ ಗೋ-ಕಾರ್ಟ್ ರೇಸ್ ಇತ್ತು. ಡಾಂಬರು ಹಾಕಿದ ರಸ್ತೆಗಳು, ಒಂದೂ ಮನೆಯಿಲ್ಲ, ಬರೀ ಸೈಟ್ ಕಲ್ಲುಗಳು. ಆರು ಗಾಡಿ. ಮಾದಿಹಳ್ಳಿಯ ಕಲ್ಲೇಶ ಲಕ್ಷ್ಮೀಶ ಮಾಡಿದ ಗಾಡಿಯಲ್ಲಿ ಮೊದಲೆರಡು ಸುತ್ತು ನಿಧಾನವಾಗಿ ಹೋದ. ಮೂರನೇ ಸುತ್ತಿನಲ್ಲಿ ಪೆಡಲನ್ನು ಪೂರಾ ಒತ್ತಿದ. ತಿರುವು ಬಂತು, ಕಾಲು ತೆಗೆದ...

ಗಾಡಿ ಕೇಳಲಿಲ್ಲ. ಸೈಟ್ ಕಲ್ಲಿಗೆ ಹೊಡೆಯಿತು.

ಇಪ್ಪತ್ತೆರಡು ವರ್ಷ.

ಮಣಿಕಟ್ಟಿನಲ್ಲಿ ದಾರ ಇರಲಿಲ್ಲ. "ಕರ ಕಟ್ದಂಗೆ ಕಟ್ತೀಯೇನ್ಲಾ ನನ್ನ?" ಅಂತ ಹಿಂದಿನ ದಿನವೇ ಲಕ್ಷ್ಮೀಶನ ಶೆಡ್ಡಿನಲ್ಲಿ ಬಿಸಾಡಿದ್ದ. ಪಿಕಪ್ ಜಾಸ್ತಿಯಾಗಲಿ ಅಂತ ಏರ್ ಫಿಲ್ಟರನ್ನೂ ಕಳಚಿದ್ದ. ಲಕ್ಷ್ಮೀಶ ಹತ್ತು ಜನರ ಮುಂದೆ ಕೂಗಿದ್ದ, "ಹಿಂಗ್ ಓಡ್ಸಿದ್ರೆ ಸಾಯ್ತೀಯ ಕಣೋ!"

ಎಚ್ಚರಿಕೆ ಕೊಟ್ಟವನೇ ಕೊಂದವನಾದ.

ಪೊಲೀಸರು ಆಕ್ಸಿಡೆಂಟ್ ಅಂತ ಬರೆದುಕೊಂಡು ಹೋದರು. ಕಲ್ಲೇಶನ ಸೋದರಮಾವ ಮರುಳಪ್ಪನಿಗೆ ಅದು ಸಾಲಲಿಲ್ಲ. ಮುರಿದ ಗಾಡಿಯ ಕಾರ್ಬೊರೇಟರಿನ ಬಾಯಲ್ಲಿ ಅವನಿಗೆ ಏನೋ ಕೆಂಪು ಕಂಡಿತ್ತು. ಲಕ್ಷ್ಮೀಶ ತನ್ನ ಗಾಡಿಗಳಿಗೆ ಬಳಿಯುವುದು ರೆಡ್ ಆಕ್ಸೈಡ್. "ಪೇಂಟ್ ಸುರ್ದು ಜಾಮ್ ಮಾಡವ್ನೆ!" ಎಂದ. ಲಕ್ಷ್ಮೀಶನನ್ನು ಎತ್ತಿಕೊಂಡು ಹೋಗಿ ಮಾದಿಹಳ್ಳಿಯ ಕಾಯಿ ಗೋಡೌನಿನಲ್ಲಿ ಕೂಡಿಹಾಕಿದ. ಮುರಿದ ಗಾಡಿ ಇದ್ದ ಅರಸೀಕೆರೆಯ ಶೆಡ್ಡಿಗೆ ಇಬ್ಬರನ್ನು ಕಾವಲು ಇಟ್ಟ.

ಬುಧವಾರ ಕಲ್ಲೇಶನ ತಾಯಿ ನನ್ನ ಅಂಗಡಿಗೆ ಬಂದರು. ಅನುಸೂಯಮ್ಮ. ಸ್ಟೂಲಿನ ತುದಿಯಲ್ಲಿ ಕೂತರು.

"ದೃಷ್ಟಿ ತೆಗ್ದೇ ಕಳ್ಸಿದ್ದೆ ಕಣಮ್ಮ... ಆದ್ರೂ ಹಿಂಗಾಯ್ತು. ನನ್ ಮಗುನ್ನ ಕೊಂದಿದ್ ಯಾರು ಅಂತ ನೀನ್ ಹೇಳು. ನೀನ್ ಹೇಳೋಗಂಟ ಆ ಹುಡುಗನ್ ಮೈ ಮುಟ್ಬ್ಯಾಡ ಅಂತ ಮರುಳನ್ ಕೈಲಿ ಆಣೆ ಹಾಕ್ಸಿವ್ನಿ. ನಾಳೆ ಐದು ಗಂಟೆಗಂಟ ಅಷ್ಟೇ."

ಈಗ ಆ ನಾಳೆ. ಮಧ್ಯಾಹ್ನ ಮೂರು ಗಂಟೆ.

ಆಣೆ ಹಾಕಿದ್ದರೂ ಮರುಳಪ್ಪ ಗಾಡಿ ಮುಟ್ಟಲು ಯಾರನ್ನೂ ಬಿಟ್ಟಿರಲಿಲ್ಲ. ಕಾವಲಿನವರು ಟೀ ಕುಡಿಯಲು ಹೋದಾಗ ಶೆಡ್ಡಿಗೆ ನುಗ್ಗಿ ಕಾರ್ಬೊರೇಟರ್ ಬಿಚ್ಚಿದ್ದೆ. ಟೀ ಚೆನ್ನಾಗಿರಲಿಲ್ಲವೋ ಏನೋ, ಬೇಗ ಬಂದರು. ಪಕ್ಕದಲ್ಲಿ ಇನ್ನೊಂದು ಗಾಡಿ ನಿಂತಿತ್ತು. ಉಳಿದದ್ದನ್ನು ನೀವೇ ನೋಡಿದಿರಿ.

ಕೊನೆಯ ವ್ಯಾಗನ್ ದಾಟಿತು.

ಗೇಟು ಏಳುವ ಮೊದಲೇ ಗೋ-ಕಾರ್ಟನ್ನು ತೆಂಗಿನ ನಾರಿನ ರಾಶಿಯ ಹಿಂದೆ ತಳ್ಳಿ, ಬೇಲೂರು ಬಸ್ಸಿಗೆ ಅಡ್ಡ ನಿಂತೆ. ಹತ್ತಿದೆ. ಜೀಪು ನಮ್ಮನ್ನು ಎರಡು ಸಲ ಓವರ್‌ಟೇಕ್ ಮಾಡಿತು. ಅವರು ಗೋ-ಕಾರ್ಟ್ ಹುಡುಕುತ್ತಿದ್ದರು... ನೆಲ ನೋಡುತ್ತಿದ್ದರು. ಬಸ್ಸಿನ ಕಿಟಕಿಯ ಕಡೆ ಒಬ್ಬನೂ ತಲೆ ಎತ್ತಲಿಲ್ಲ.

ಹಳೇಬೀಡಿನಲ್ಲಿ ಇಳಿದೆ. ನಾಲ್ಕೂಕಾಲು. ಬಸ್‌ಸ್ಟ್ಯಾಂಡಿನ ಎದುರು ಧರ್ಮಾವತಿಯ ಸೋಡಾ ಅಂಗಡಿ. ಒಳಗಿನ ಬೆಂಚಿನ ಮೇಲೆ ಪೇಪರ್ ಹಾಸಿ ಕಾರ್ಬೊರೇಟರ್ ಇಟ್ಟೆ.

"ಏನೇ ಲತಾಮಣಿ, ಮುಖ ಹಳೇ ಹಂಚಿನ ಥರ ಆಗೈತೆ? ಸೋಡಾ ಕೊಡ್ಲಾ?"

"ನಿಂಬೆ ಜಾಸ್ತಿ ಹಾಕು."

ಏಳು ಸಮುದ್ರದಾಚೆ ರಾಕ್ಷಸನ ಪ್ರಾಣ ಗಿಳಿಯ ಕತ್ತಿನಲ್ಲಿತ್ತು ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಟೂ ಸ್ಟ್ರೋಕ್ ಇಂಜಿನ್ನಿನ ಪ್ರಾಣ ಕಾರ್ಬೊರೇಟರಿನ ಸ್ಲೈಡಿನಲ್ಲಿದೆ. ಹೆಬ್ಬೆರಳಿನಷ್ಟು ದಪ್ಪದ ಒಂದು ಲೋಹದ ತುಂಡು. ಪೆಡಲ್ ಒತ್ತಿದರೆ ಮೇಲೇರಿ ಗಾಳಿ-ಪೆಟ್ರೋಲಿಗೆ ದಾರಿ ಬಿಡುತ್ತದೆ. ಕಾಲು ತೆಗೆದರೆ ಕೆಳಗಿಳಿದು ಮುಚ್ಚುತ್ತದೆ.

ಕಲ್ಲೇಶನ ಸ್ಲೈಡ್ ಮೇಲೆಯೇ ನಿಂತಿತ್ತು.

ಸ್ಕ್ರೂಡ್ರೈವರ್‌ನಿಂದ ಮೀಟಿ ಹೊರಗೆ ತೆಗೆದೆ. ಸುತ್ತಲೂ ಕೆಂಪು. ಒಣಗಿ ಹೆಕ್ಕಳೆ ಕಟ್ಟಿತ್ತು. ಉಗುರಿನಲ್ಲಿ ಕೆರೆದರೆ ಮರಳಿನಂತೆ ಕರಕರ. ಸ್ಪ್ರಿಂಗ್ ಎರಡಿರಲಿ, ಇಪ್ಪತ್ತಿರಲಿ, ಇದನ್ನು ಕೆಳಗೆ ತಳ್ಳಲಾಗುತ್ತಿರಲಿಲ್ಲ.

ಮರುಳಪ್ಪ ಹೇಳಿದ್ದು ನಿಜವೇ? ಲಕ್ಷ್ಮೀಶ...?

ಧರ್ಮಾವತಿ ಸೋಡಾ ತಂದಿಟ್ಟು, ಹಿಂಡಿದ ನಿಂಬೆಹೋಳನ್ನು ಬೆಂಚಿನ ಮೇಲೆ ಬಿಟ್ಟಳು. ಅದು ಉರುಳಿ ಬಂದು ಸ್ಲೈಡಿಗೆ ತಾಗಿತು. ಎರಡು ಹನಿ ರಸ.

ಸಣ್ಣಗೆ ನೊರೆ ಎದ್ದಿತು.

ಕೆಂಪು ಹೋಯಿತು. ಹಳದಿಯಾಯಿತು!

ಪೇಂಟು ಹೀಗೆ ಬಣ್ಣ ಬದಲಾಯಿಸುವುದಿಲ್ಲ. ಹೋಳನ್ನು ಎತ್ತಿ ಸ್ಲೈಡಿನ ಮೇಲೆಲ್ಲ ಹಿಂಡಿದೆ. ಎಲ್ಲ ಕಡೆ ಹಳದಿ. ನನ್ನ ಬೆರಳು ಐದೂ ಹಳದಿ.

"ಅಯ್ಯ! ಅರಿಶಿನ-ಸುಣ್ಣ ಅಲ್ವೇನೇ ಇದು?" ಧರ್ಮಾವತಿ ಬಗ್ಗಿ ನೋಡಿದಳು. "ಆರತಿ ನೀರು... ಇಂಜಿನ್ನೊಳಗೆ ಯಾಕ್ ಹೋಯ್ತು?"

ಸೋಡಾ ಲೋಟ ಕೆಳಗಿಟ್ಟೆ.

ದೃಷ್ಟಿ ತೆಗ್ದೇ ಕಳ್ಸಿದ್ದೆ ಕಣಮ್ಮ...

ಕಣ್ಣಿಗೆ ಕಟ್ಟಿದಂತೆ ಕಂಡಿತು. ಭಾನುವಾರ ಬೆಳಿಗ್ಗೆ, ಮಾದಿಹಳ್ಳಿಯ ಅಂಗಳ. ತಟ್ಟೆಯಲ್ಲಿ ಅರಿಶಿನ, ಸುಣ್ಣ, ಕೆಂಪಾದ ನೀರು. ಮಗನಿಗೆ ಮೂರು ಸುತ್ತು. ಗಾಡಿಗೆ ಮೂರು ಸುತ್ತು. ಮಗನ ಹಣೆಗೆ ಒಂದು ಬೊಟ್ಟು. ಗಾಡಿಗೆ ಹಣೆ ಎಲ್ಲಿದೆ? ಫಿಲ್ಟರ್ ಇಲ್ಲದೆ ತೆರೆದುಕೊಂಡಿದ್ದ ದುಂಡನೆಯ ಬಾಯಿ ಕಂಡಿರಬೇಕು. ಚೆನ್ನಾಗಿ ಕಾಯಲಿ ಅಂತ ಅದಕ್ಕೇ ಒಂದು ಬೊಗಸೆ ಹಾಕಿರಬೇಕು. ಸುಣ್ಣ ಒಣಗಿ ಗಾರೆಯಾಗಲು ಎಷ್ಟು ಹೊತ್ತು ಬೇಕು? ಮಾದಿಹಳ್ಳಿಯಿಂದ ಬೇಲೂರಿನ ದಾರಿ ಸಾಕು.

"ನೀನು ಏನೂ ನೋಡಿಲ್ಲ, ಧರ್ಮಾ."

"ನಾನ್ ಏನ್ ನೋಡ್ಲಿ? ಸೋಡಾ ಮಾರೋಳು ನಾನು." ಅವಳು ಬೆಂಚು ಒರೆಸಿದಳು. ಎರಡು ಸಲ ಒರೆಸಿದಳು.

ಗಡಿಯಾರ ನೋಡಿದೆ. ನಾಲ್ಕೂವರೆ.

ನಿಜ ಹೇಳಿದರೆ ಲಕ್ಷ್ಮೀಶ ಉಳಿಯುತ್ತಾನೆ, ಆ ತಾಯಿ ಉಳಿಯುವುದಿಲ್ಲ. ಯಾರದೂ ತಪ್ಪಲ್ಲ ಅಂದರೆ ಮರುಳಪ್ಪ ನಂಬುವುದಿಲ್ಲ. ಅವನ ದುಃಖಕ್ಕೆ ಒಂದು ಹೆಸರು ಬೇಕು. ಕೈಗೆ ಸಿಕ್ಕಿದ ಹೆಸರು ಒಂದೇ.

ತುಂಬಾ ದಣಿವಾಯಿತು. ಅಲ್ಲೇ ಬೆಂಚಿನ ಮೇಲೆ ಮಲಗಿಬಿಡೋಣ ಅನ್ನಿಸಿತು.

ಮಲಗಲಿಲ್ಲ. ಉಳಿದ ನಿಂಬೆರಸದಿಂದ ಸ್ಲೈಡನ್ನೂ, ಅದರ ಮನೆಯನ್ನೂ ಹೊಳೆಯುವಂತೆ ತೊಳೆದೆ. ಆಮೇಲೆ ಬ್ಯಾಗಿನಿಂದ ಅರ ತೆಗೆದೆ. ಸ್ಲೈಡಿನ ಮೈಮೇಲೆ ಒಂದು ಗೀರು ಎಳೆದೆ. ಆಳವಾಗಿ. ಅಂಚಿನಲ್ಲಿ ಒರಟು ಎದ್ದು ನಿಲ್ಲುವಂತೆ.

ಹನ್ನೊಂದು ವರ್ಷದಲ್ಲಿ ಕಬ್ಬಿಣದ ಬಾಯಿಂದ ಮೊದಲ ಸುಳ್ಳು ಹೇಳಿಸಿದೆ.

ಆಟೋ ಹಿಡಿದು ಮಾದಿಹಳ್ಳಿಯ ಗೋಡೌನ್ ತಲುಪಿದಾಗ ಐದಕ್ಕೆ ಎರಡು ನಿಮಿಷ. ಬಾಗಿಲಲ್ಲಿ ಅದೇ ಜೀಪು. ಒಳಗೆ ಕೊಬ್ಬರಿ ಘಮ. ನಡುವೆ ಕಾಯಿ ಸುಲಿಯುವ ಹಾರೆ, ಚೂಪಾದ ತುದಿ ಮೇಲೆ ಮಾಡಿ ನೆಟ್ಟಿದ್ದರು. ಅದರ ಮುಂದೆ ಲಕ್ಷ್ಮೀಶ ಕುಕ್ಕರುಗಾಲಲ್ಲಿ ಕೂತಿದ್ದ. ಇಬ್ಬರು ಅವನ ಬಲಗೈ ಹಿಡಿದಿದ್ದರು.

ಬಿಡಿಭಾಗಗಳನ್ನು ಕೂದಲೆಳೆಯಷ್ಟು ಸರಿಯಾಗಿ ಕೂಡಿಸುವ ಕೈ.

"ಬಂದ್ಲು ನೋಡು ಕಳ್ಳಿ!" ಮರುಳಪ್ಪ ಎದ್ದ. ಕಣ್ಣು ಕೆಂಡ. ಕುಡಿದಿರಲಿಲ್ಲ... ನಾಲ್ಕು ದಿನದಿಂದ ನಿದ್ದೆ ಮಾಡಿರಲಿಲ್ಲ. "ಎಲ್ಲಮ್ಮ ಅದು?"

ಗೋಡೆಯ ಬದಿಗೆ ಅನುಸೂಯಮ್ಮ ನಿಂತಿದ್ದರು. "ಮರುಳಾ. ಅವಳು ಹೇಳ್ಲಿ."

ಸ್ಲೈಡನ್ನು ಹಾರೆಯ ಪಕ್ಕ, ಮೂಟೆಯ ಮೇಲೆ ಇಟ್ಟೆ.

"ಈ ಗೀರು ನೋಡಿ. ಎರಕ ಸರಿಯಿಲ್ಲ. ಮೇಲೆ ಹೋಗಿ ಕಚ್ಚಿಕೊಂಡಿದೆ. ಡೂಪ್ಲಿಕೇಟ್ ಮಾಲು."

"ಕೆಂಪೆಲ್ಲಿ? ನಾನ್ ಕಣ್ಣಾರೆ ನೋಡಿವ್ನಿ ಕೆಂಪ!"

"ಒಳಗಿನ ಸ್ಪ್ರಿಂಗಿನ ತುಕ್ಕು. ತೊಳೆದೆ, ಹೋಯ್ತು. ಪೇಂಟ್ ಆಗಿದ್ರೆ ಹೋಗ್ತಿತ್ತಾ? ನೀವೇ ಹೇಳಿ."

ಅವನು ಸ್ಲೈಡನ್ನು ಬೆಳಕಿಗೆ ಹಿಡಿದ. ಗೀರಿನ ಮೇಲೆ ಬೆರಳು ಎಳೆದ. ಒರಟು ತಾಗಿತು.

"ಯಾವನ್ ಮಾಡಿದ್ದು ಈ ಮಾಲ್ನ?"

"ಇವೆಲ್ಲ ದೆಹಲಿಯಿಂದ ಬರ್ತವೆ."

"ದೆಹಲಿನಾ...?"

"ಹೌದು. ಹೊಡೀಬೇಕು ಅಂದ್ರೆ ಹೋಗಿ. ಅರಸೀಕೆರೆಗೆ ಬಂದ್ರೆ ರೈಲು ಹತ್ತಿಸ್ತೀನಿ."

ಮರುಳಪ್ಪ ನನ್ನ ಮುಖವನ್ನೇ ನೋಡಿದ. ನಾನೂ ನೋಡಿದೆ. ರೆಪ್ಪೆ ಹೊಡೆದಿದ್ದರೆ ಒಂದು ಕೈ ಹೋಗುತ್ತಿತ್ತು.

ಕಡೆಗೆ ಅವನು ಮೂಟೆಯ ಮೇಲೆ ಕುಸಿದು ಕೂತ. "ನನ್ ಅಳಿಯನ್ನ ಕೊಂದೋನ್ ಮುಖಾನೂ ನೋಡಂಗಿಲ್ವಲ್ಲೋ ಶಿವನೇ..." ಅಂತ ಅಳತೊಡಗಿದ. ಅಷ್ಟು ದೊಡ್ಡ ಆಳು. ಹಿಡಿದಿದ್ದವರು ತಾವಾಗಿಯೇ ಕೈ ಬಿಟ್ಟರು.

ಹೊರಡುತ್ತಿದ್ದಾಗ ಅನುಸೂಯಮ್ಮ ನನ್ನ ಕೈ ಹಿಡಿದುಕೊಂಡರು. ಸುಮ್ಮನೆ. ಬೆರಳುಗಳನ್ನು ಒಂದೊಂದಾಗಿ ನೋಡಿದರು. ಉಗುರಿನ ಸಂದಿಯ ಹಳದಿಯನ್ನೂ ನೋಡಿದರು.

"ನಿಂಬೆಹಣ್ ಹಿಂಡಿದ್ಯಾ, ಮಗ?"

"ಸೋಡಾ ಕುಡಿದೆ, ಅಮ್ಮ. ಹಳೇಬೀಡಲ್ಲಿ."

ಅವರು ತಲೆಯಾಡಿಸಿದರು. ತುಂಬಾ ಹೊತ್ತು ಆಡಿಸುತ್ತಲೇ ಇದ್ದರು. ಆಮೇಲೆ ನನ್ನನ್ನು ಕೊಳಾಯಿಯ ಹತ್ತಿರ ಕರೆದೊಯ್ದರು. ತಾವೇ ನೀರು ಬಿಟ್ಟರು. ಕಟ್ಟೆಯ ಮೇಲೆ ಸೋಪಿತ್ತು. ನಾನು ಕೈ ಚಾಚಿದೆ.

ಅದನ್ನು ಪಕ್ಕಕ್ಕೆ ಸರಿಸಿದರು.

"ಸೋಪ್ ಹಾಕ್ಬ್ಯಾಡ ಕಣವ್ವ," ಪಿಸುಗುಟ್ಟಿದರು. "ತಿರ್ಗಾ ಕೆಂಪಾಯ್ತದೆ."

ಬರೀ ನೀರಿನಲ್ಲಿ ತಿಕ್ಕಿದರು. ನಾನು ಅವರ ಮುಖ ನೋಡಲಿಲ್ಲ. ಧೈರ್ಯ ಇಷ್ಟಿದೆ ಅಷ್ಟಿದೆ ಅಂತ ಜನ ನನ್ನ ಬಗ್ಗೆ ಹೇಳುತ್ತಾರೆ. ಅವತ್ತು ಇರಲಿಲ್ಲ.

ಬಸ್ ಸ್ಟಾಪಿನಲ್ಲಿ ಲಕ್ಷ್ಮೀಶ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಕರಿಯಯ್ಯ ಮೇಷ್ಟ್ರ ಮಗ, ಐಟಿಐ ಓದಿದವನು. ಅವನಿಗೆ ಸುಳ್ಳು ನಾಟುವುದಿಲ್ಲ.

"ಅಕ್ಕಾ... ಆ ಸ್ಲೈಡು ಡೂಪ್ಲಿಕೇಟ್ ಅಲ್ಲ. ಕಂಪನೀದು. ನಾನೇ ಹಾಕಿದ್ದು. ಅದ್ರಲ್ಲಿ ಗೀರಿರ್ಲಿಲ್ಲ."

"ಈಗ ಇದೆ."

"ಹಂಗಾದ್ರೆ ಏನಾಗಿತ್ತು ಒಳಗೆ?"

"ಫಿಲ್ಟರ್ ಇರ್ಲಿಲ್ಲ. ಅಷ್ಟೇ ಆಗಿತ್ತು. ಇನ್ಮೇಲೆ ಫಿಲ್ಟರನ್ನ ವೆಲ್ಡ್ ಮಾಡು. ದಾರ ಕಟ್ಕೊಳ್ದೋನ್ಗೆ ಇಂಜಿನ್ ಸ್ಟಾರ್ಟೇ ಆಗ್ಬಾರ್ದು, ಹಂಗೆ ವೈರಿಂಗ್ ಮಾಡು. ಹಂಗಲ್ದೆ ಒಂದು ಗಾಡಿ ನಿನ್ ಶೆಡ್ಡಿಂದ ಆಚೆ ಬಂದ್ರೆ, ಆ ಕೈನ ನಾನೇ ಮುರೀತೀನಿ. ಗೊತ್ತಾಯ್ತಾ?"

"ಗೊತ್ತಾಯ್ತು ಅಕ್ಕ."

ಬಸ್ಸು ಬಂತು. ಇಬ್ಬರಿಗೂ ಸೀಟು ಸಿಗಲಿಲ್ಲ.

ಈಗಲೂ ಜನ ನನ್ನ ಹತ್ತಿರ ಇಂಜಿನ್ ತರುತ್ತಾರೆ. ಆದರೆ ಬಿಚ್ಚುವ ಮೊದಲೇ ಮೆಕ್ಯಾನಿಕ್ ನಗುತ್ತಾನೆ, ಓನರ್ ನಗುತ್ತಾನೆ. ನಮ್ಮ ತಾಲ್ಲೂಕಿನಲ್ಲಿ ಈಗ ಯಾವ ಇಂಜಿನ್ ಕೆಟ್ಟರೂ ತಪ್ಪೆಲ್ಲ ದೆಹಲಿಯದೇ... ಆ ಊರನ್ನು ನಾನಿನ್ನೂ ನೋಡಿಲ್ಲ.