ಮೊಳೆ ಹೊಡೆಯದ ಕೋಣೆ

"ಅಂದ್ರೆ ಇನ್ಮೇಲೆ ನಮ್ಮ ಸ್ಟುಡಿಯೋಗೆ ಬರಲ್ಲ ಅಂತ ಅರ್ಥ," ಎಂದ ಸಬೇಶನ್, ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು.

ಚೆನ್ನೈಯ ಸಾಲಿಗ್ರಾಮದ ಆ ಬಾಡಿಗೆ ಮನೆಗೆ ಅವನು ಬಂದದ್ದು ಅದೇ ಮೊದಲು. ಯಾಳಿನಿ ಧಾರಾವಾಹಿಯ ನಾಯಕಿಯರಿಗೆ ದನಿ ಕೊಡುವವಳು. ಸಬೇಶನ್ ಗಾಜಿನ ಆಚೆ ಕೂತು ಆ ದನಿಯನ್ನು ರೆಕಾರ್ಡ್ ಮಾಡುವವನು. ವರ್ಷಗಟ್ಟಲೆ ಅವಳ ಉಸಿರಾಟವೆಲ್ಲ ಅವನ ಕಿವಿಯೊಳಗೇ ನಡೆದಿತ್ತು. ಆದರೂ "ಇನ್ನೊಂದು ಟೇಕ್ ಮೇಡಂ" ಎನ್ನುವುದರಾಚೆಗೆ ಅವನು ಹೆಚ್ಚೇನೂ ಮಾತಾಡಿದವನಲ್ಲ. ಈಗ ಮನೆಯಲ್ಲೇ ರೆಕಾರ್ಡಿಂಗ್‌ಗೆ ಒಂದು ಕೋಣೆ ಸಿದ್ಧ ಮಾಡಿಕೊಡಿ ಎಂದು ಅವಳೇ ಕರೆಸಿದ್ದಳು.

"ಕೋಪಾನಾ?" ಓರೆಗಣ್ಣಲ್ಲಿ ನೋಡಿದಳು.

"ಕೋಪ ಮಾಡ್ಕೊಳ್ಳೋಕೆ ನಾನ್ಯಾರು? ದೊಡ್ಡೋರು, ಮನೇಲೇ ಅಂಗಡಿ ತೆಗೀತೀರಿ."

"ಒಳಗೆ ಬನ್ನಿ ಸಾರ್. ಕಾಫಿ ಆರ್ತಿದೆ."

ಕಾಫಿ ಅರ್ಧ ಮುಗಿಯುವಷ್ಟರಲ್ಲಿ ಅವಳು ಹೇಳಿಬಿಟ್ಟಳು. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಂತೆ. ಆಪರೇಷನ್‌ಗೆ ದಿನವೂ ಗೊತ್ತಾಗಿದೆ. ಅಷ್ಟರೊಳಗೆ ಸಾಕಷ್ಟು ಮಾತುಗಳನ್ನು ರೆಕಾರ್ಡ್ ಮಾಡಿಕೊಟ್ಟರೆ, ಮುಂದೆ ಅವಳು ಟೈಪ್ ಮಾಡಿದ್ದನ್ನು ಫೋನು ಅವಳದೇ ದನಿಯಲ್ಲಿ ಹೇಳುತ್ತದೆ. ಆದರೆ ರೆಕಾರ್ಡಿಂಗ್‌ನಲ್ಲಿ ಗೋಡೆಯ ಪ್ರತಿಧ್ವನಿ ಬೆರೆಯಬಾರದು.

"ಸ್ಟುಡಿಯೋದಲ್ಲೇ ಮಾಡಬಹುದಿತ್ತಲ್ಲ ಮೇಡಂ."

"ಅಲ್ಲಿ ಎಲ್ಲರೂ ಅಯ್ಯೋ ಪಾಪ ಅಂತ ನೋಡ್ತಾರೆ. ನೀವು ಹಾಗೆ ನೋಡಲ್ಲ ಅಂದ್ಕೊಂಡೆ."

ಅವಳ ಮುಖ ನೋಡಲಾಗದೆ ಅವನು ಎದ್ದ. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದ. ಬರಿಗೋಡೆಗಳು ಗಣಗಣ ಎಂದವು.

"ಗೋಡೇಲಿ ಒಂದು ಗೀರು ಬಿದ್ರೂ ಓನರ್ ಮಾಮಿ ನನ್ನ ಸುಲಿದು ಹಾಕ್ತಾರೆ. ಮೊಳೆ ಹೊಡೆಯೋ ಹಾಗಿಲ್ಲ, ಅಂಟು ಹಚ್ಚೋ ಹಾಗಿಲ್ಲ," ಎಂದಳು.

"ಗೋಡೆ ಮುಟ್ಟೋದೇ ಇಲ್ಲ."

"ಸದ್ದು ಹೀರುತ್ತೆ ಅಂತಾರಲ್ಲ, ಮೊಟ್ಟೆ ಟ್ರೇ ತರಿಸ್ಲಾ?"

"ಅದು ಮೊಟ್ಟೆಗೆ ಒಳ್ಳೇದು. ಮನೇಲಿ ದಪ್ಪ ಹೊದಿಕೆ ಎಷ್ಟಿವೆ, ಅದು ಹೇಳಿ."

ಮರುದಿನ ಅವನು ತನ್ನ ಅಮ್ಮನ ಮನೆಯ ಹಳೇ ಹತ್ತಿ ಹಾಸಿಗೆಗಳನ್ನು ಆಟೋದಲ್ಲಿ ಹೇರಿಕೊಂಡು ಬಂದ. ಅವನ್ನು ಸುರುಳಿ ಸುತ್ತಿ ಮೂಲೆಮೂಲೆಗೆ ನಿಲ್ಲಿಸಿದ. ಬಟ್ಟೆ ಒಣಹಾಕುವ ಸ್ಟ್ಯಾಂಡುಗಳ ಮೇಲೆ ಹೊದಿಕೆಗಳನ್ನು ಮಡಿಸಿ ಹಾಕಿ, ಗೋಡೆಯಿಂದ ಒಂದು ಗೇಣು ಈಚೆಗೆ ಇಟ್ಟ. ಹಳೇ ಟವೆಲ್‌ಗಳನ್ನು ಮರದ ಚೌಕಟ್ಟುಗಳಿಗೆ ತುಂಬಿ ಮೈಕಿನ ಎರಡೂ ಪಕ್ಕ ಒರಗಿಸಿದ. ನೆಲಕ್ಕೆ ಜಮಖಾನೆ ಹಾಸಿದ. ಆಮೇಲೆ ಮತ್ತೊಂದು ಚಪ್ಪಾಳೆ ತಟ್ಟಿದ. ಸದ್ದು ಅಂಗೈಯಲ್ಲೇ ಮುಗಿಯಿತು.

"ಹೊರಗಿನ ಹಾರ್ನು, ಕುಕ್ಕರ್ ಕೂಗು ಇದಕ್ಕೆಲ್ಲ ನಿಲ್ಲಲ್ಲ ಮೇಡಂ. ಅವು ಸುಮ್ಮನಾಗೋವರೆಗೂ ಕಾಯಬೇಕು."

"ಕಾಯೋಣ," ಎಂದಳು.

ಬೆಳಗಿನ ಹೊತ್ತು ಮಾತ್ರ ಅವಳ ದನಿ ತಿಳಿಯಾಗಿರುತ್ತಿತ್ತು. ಫ್ಯಾನ್ ಹಾಕುವಂತಿಲ್ಲ. ಬೆವರು ಒರೆಸಿಕೊಳ್ಳುತ್ತಾ ಓದುತ್ತಿದ್ದಳು: ಆಟೋ, ವಡಪಳನಿಗೆ ಬರ್ತೀಯಾ? ನುಗ್ಗೇಕಾಯಿ ಬಲ್ತಿದೆ, ಬೇಡ. ಮಾಮಿ, ನೀರು ಬಂತಾ? ನಡುವೆ ಇದ್ದಕ್ಕಿದ್ದಂತೆ ಧಾರಾವಾಹಿಯ ಅತ್ತೆಯ ಹಾಗೆ ಗುಡುಗಿ ಅವನನ್ನು ನಗಿಸಿಬಿಡುತ್ತಿದ್ದಳು.

"ಟೇಕ್ ಹಾಳು ಮಾಡಿದ್ರಿ ಸಾರ್."

"ಮಾಡಿಸಿದ್ದು ಯಾರು?"

ಬೀದಿ ಸುಮ್ಮನಾಗಲೆಂದು ಕಾಯುವಾಗ ಅವಳು ಕುತ್ತಿಗೆಯ ಬೆವರಿಗೆ ಅಂಟಿದ ಕೂದಲನ್ನು ಬಿಡಿಸಿಕೊಳ್ಳುತ್ತಿದ್ದಳು. ಅವನು ನೋಡಿ, ಸಿಕ್ಕಿಬಿದ್ದು, ಸುಮ್ಮನೆ ಕೇಬಲ್ ಸುತ್ತುತ್ತಿದ್ದ.

ಅಣ್ಣನ ಹೆಸರು, ಅತ್ತಿಗೆಯ ಹೆಸರು, ಗೆಳತಿಯರ ಹೆಸರು, ಮಾಮಿಯ ಬೆಕ್ಕಿನ ಹೆಸರು, ಎಲ್ಲವನ್ನೂ ಅವಳು ಹೇಳಿ ಮುಗಿಸಿದಳು. ಫೈಲುಗಳನ್ನು ಜೋಡಿಸುವಾಗ ಸಬೇಶನ್ ಗಮನಿಸಿದ. ತನ್ನ ಹೆಸರಿರಲಿಲ್ಲ. ಕೇಳಬಾರದೆಂದುಕೊಂಡ. ಆಸ್ಪತ್ರೆಗೆ ಸೇರುವ ಹಿಂದಿನ ಬೆಳಗ್ಗೆ ತಡೆಯಲಾಗಲಿಲ್ಲ.

"ಒಂದು ಹೆಸರು ಬಿಟ್ಟುಹೋಗಿದೆ ಮೇಡಂ."

"ಬಿಟ್ಟುಹೋಗಿಲ್ಲ. ಬಿಟ್ಟಿದ್ದೀನಿ."

ಅವನ ಕೈ ಕೇಬಲ್ಲಿನ ಮೇಲೆ ಹಾಗೇ ನಿಂತಿತು.

"ಮೈಕ್ ಆಫ್ ಮಾಡಿ," ಎಂದಳು.

ಮಾಡಿದ. ಅವಳು ಎದ್ದು ಬಂದು ಅವನೆದುರು ಜಮಖಾನೆಯ ಮೇಲೆ ಕೂತಳು.

"ಸಬೇಶಾ."

ಈ ಸಲ ಜೊತೆಗೆ ಸಾರ್ ಇರಲಿಲ್ಲ.

"ಇದನ್ನ ಫೋನ್ ಕೈಲಿ ಹೇಳಿಸೋಕೆ ನಂಗಿಷ್ಟ ಇಲ್ಲ. ಊರವರ ಪ್ರೀತಿನೆಲ್ಲ ನಾನೇ ಮಾತಾಡ್ದೆ. ನಂದೊಂದು ಹಾಗೇ ಉಳ್ಕೊಂಡಿತ್ತು."

"ಇನ್ನೊಂದು ಸಲ," ಎಂದ ಸಬೇಶನ್.

"ಯಾಕೆ, ಸರಿ ಬರಲಿಲ್ವಾ?"

"ಸರಿಯಾಗೇ ಬಂತು. ಅದಕ್ಕೇ."

ಅವಳು ಮತ್ತೆ ಕರೆದಳು. ಮತ್ತೆ, ಮತ್ತೆ, ದನಿ ಒಡೆದು ಬರಿ ಗಾಳಿಯಾಗುವವರೆಗೂ ಕರೆದಳು. ಆ ಕೋಣೆಯಲ್ಲಿ ಅದು ಎಲ್ಲಿಗೂ ತಾಗಿ ಹಿಂದಿರುಗಲಿಲ್ಲ. ಕೇಳಿದ್ದು ಅವನೊಬ್ಬನೇ.

ಆಪರೇಷನ್ ಮುಗಿಯಿತು. ಗಡ್ಡೆಯನ್ನು ಪೂರ್ತಿ ತೆಗೆದಾಗಿದೆ ಎಂದರು ಡಾಕ್ಟರು. ಸಬೇಶನ್‌ನನ್ನು ಒಳಗೆ ಬಿಟ್ಟಾಗ ಅವಳ ಕತ್ತಿನ ಸುತ್ತ ಬ್ಯಾಂಡೇಜಿತ್ತು. ಉಸಿರು ಕತ್ತಿನ ಕೆಳಗಿಟ್ಟ ಕೊಳವೆಯಲ್ಲಿ ಸುಯ್ಯೆನ್ನುತ್ತಿತ್ತು. ಅವನನ್ನು ಕಂಡು ಬಾಯಿ ತೆರೆದಳು. ಏನೂ ಬರಲಿಲ್ಲ. ಅದು ಗೊತ್ತಿದ್ದ ಸಂಗತಿಯೇ. ಆದರೂ ಅವಳ ಕಣ್ಣುಗಳು ಗಾಬರಿಯಿಂದ ಅರಳಿ, ತುಂಬಿ ಬಂದವು. ತಡವರಿಸಿ ಫೋನಿಗೆ ಕೈ ಚಾಚಿದಳು.

ಸಬೇಶನ್ ಆ ಕೈಯನ್ನು ಹಿಡಿದುಕೊಂಡ.

"ಫೋನ್ ಊರವರಿಗೆ ಇರಲಿ. ನೀನು ಹೇಳು. ಇಷ್ಟು ವರ್ಷ ಪರದೆ ಮೇಲಿನ ತುಟಿ ನೋಡಿ ನೋಡಿ ಅಲ್ವಾ ನಾನು ಮಾತು ಕೂರಿಸಿದ್ದು. ನಂಗೆ ಕಾಣುತ್ತೆ."

ಅವಳು ತುಟಿ ಆಡಿಸಿದಳು. ಅವನು ಕಣ್ಣೊರೆಸಿಕೊಂಡು, ಬಗ್ಗಿ ನೋಡಿದ.

"ಮನೆಗೆ ಕರ್ಕೊಂಡು ಹೋಗು," ಎಂದು ಅವಳ ಮಾತನ್ನು ತಾನೇ ಗಟ್ಟಿಯಾಗಿ ಓದಿದ. ಆಮೇಲೆ ಮೆಲ್ಲಗೆ ಕೇಳಿದ, "ಯಾರ ಮನೆಗೆ?"

ಅಳುತ್ತಲೇ ಅವನ ಕೈಗೊಂದು ಸಣ್ಣ ಪೆಟ್ಟು ಕೊಟ್ಟಳು. ಒಣಗಿದ ತುಟಿಗಳು ಒಂದು ಸಲ ಕೂಡಿ, ಬಿಟ್ಟವು.

ನಮ್ಮ.