ಮಗ್ಗ ನಿಂತಾಗ ಕೇಳಿಸಿದ ಮಾತು

"ಐ ಹ್ಯಾವ್ ಬೀನ್ ವೈಟಿಂಗ್ ಫಾರ್ ಯೂ..."

ಆಶಾರಾಣಿ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದಳು. ವಾಕ್ಯ ಅರ್ಧಕ್ಕೆ ಬಂದಿತ್ತು. ಕರೆಂಟು ಹೋಯಿತು.

"...ಸಿನ್ಸ್ ಮಾರ್ನಿಂಗ್!"

ಪವರ್‌ಲೂಮ್ ಶೆಡ್ಡಿನಲ್ಲಿ ಕರೆಂಟು ಹೋದರೆ ಏನಾಗುತ್ತದೆ ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಅಲ್ಲಿಯವರೆಗೆ ಪಕ್ಕದವರ ಕಿವಿಗೆ ಬಾಯಿಟ್ಟು ಅರಚಿದರೂ ಕೇಳಿಸದಷ್ಟು ಗದ್ದಲ ಇರುತ್ತದೆ. ಸಾಲು ಮಗ್ಗಗಳೆಲ್ಲ ಒಮ್ಮೆಲೇ ನಿಂತರೆ, ಮೂಲೆಯಲ್ಲಿ ಕೂತವರು ನಿಟ್ಟುಸಿರು ಬಿಟ್ಟದ್ದೂ ಕೇಳುತ್ತದೆ. ಹಾಗಿರುವಾಗ ಈ ಹುಡುಗಿಯ ಇಂಗ್ಲಿಷು ದೊಡ್ಡಬಳ್ಳಾಪುರದ ಅರ್ಧ ಬೀದಿಗೆ ಕೇಳಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಸರಿಯಾಗಿ ಆ ಹೊತ್ತಿಗೆ ಬಾಗಿಲಲ್ಲಿ ಒಬ್ಬ ಬಂದು ನಿಂತಿದ್ದ. ಹೆಗಲಿಗೆ ಸ್ಪ್ಯಾನರಿನ ಚೀಲ, ಅಂಗಿಯ ತೋಳಿಗೆ ಎಣ್ಣೆ ಕಲೆ. ಅವನು ತನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ಒಮ್ಮೆ ತಿರುಗಿ ನೋಡಿದ. ಯಾರೂ ಇರಲಿಲ್ಲ.

"ಸಾರಿ ರೀ," ಎಂದ ಮೆಲ್ಲಗೆ. "ತ್ಯಾಮಗೊಂಡ್ಲು ಬಸ್ಸು ಲೇಟಾಯ್ತು."

ಇಡೀ ಶೆಡ್ಡು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆಶಾರಾಣಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವನು ಜಯಕುಮಾರ್. ಸೀರೆಯ ಅಂಚಿಗೆ ಹೂವು ಮೂಡಿಸುವ ಹೊಸ ಜಕಾರ್ಡ್ ಯಂತ್ರಗಳನ್ನು ಮಗ್ಗಗಳ ಮೇಲೆ ಕೂರಿಸಲು ಮಾಲೀಕ ಚಿನ್ನಸ್ವಾಮಿ ಕರೆಸಿದ್ದ ಮೆಕ್ಯಾನಿಕ್ಕು. ಕೆಲಸ ಮುಗಿಯಲು ಒಂದೆರಡು ತಿಂಗಳಾದರೂ ಬೇಕಿತ್ತು.

ಚಿನ್ನಸ್ವಾಮಿ ಬಂದವರಿಗೆಲ್ಲ ಹೇಳುವ ಮಾತನ್ನು ಅವನಿಗೂ ಹೇಳಿದ. "ನೋಡಪ್ಪ, ಏನ್ ಬೇಕಾದ್ರೂ ಮುಟ್ಟು. ಆ ಮೇನ್ ಸ್ವಿಚ್ ಮಾತ್ರ ಮುಟ್ಬೇಡ. ಓಡೋ ಮಗ್ಗ ನಿಲ್ಸೋ ಕೈ ನಂದೊಂದೇ ಇರ್ಬೇಕು."

ಅರಿಶಿನ ಕುಂಕುಮ ಹಚ್ಚಿ, ದಿನಾ ಊದುಬತ್ತಿ ಬೆಳಗುತ್ತಿದ್ದ ಆ ಸ್ವಿಚ್ಚಿನ ಹತ್ತಿರ ಯಾರೂ ಸುಳಿಯುತ್ತಿರಲಿಲ್ಲ.

*

ಆಶಾರಾಣಿ ಆ ಇಂಗ್ಲಿಷನ್ನು ಶೋಕಿಗೆ ಕೂಗುತ್ತಿರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಎಲ್ಲ ವಿಷಯ ಪಾಸಾಗಿ ಇಂಗ್ಲಿಷ್ ಒಂದರಲ್ಲಿ ಫೇಲಾಗಿಬಿಟ್ಟಿದ್ದಳು. ಮತ್ತೆ ಕಟ್ಟಿದಾಗಲೂ ಅದೇ ಕಥೆ. ಈಗ ಅವಳಿಗೆ ಇಪ್ಪತ್ತಮೂರು. ಯಾರೋ ಬಿಡಿಸಿದ ಹೂವನ್ನು ನೇಯುವುದು ಸಾಕಾಗಿತ್ತು. ತಾನೇ ಅಂಚು ಬಿಡಿಸಬೇಕು ಎಂಬ ಆಸೆ. ಅದಕ್ಕೆ ಡಿಸೈನ್ ತರಬೇತಿಗೆ ಸೇರಬೇಕು, ಅಲ್ಲಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಲೇಬೇಕು.

ತಂದೆಯಿಲ್ಲದ ಮನೆ. ಅದೇ ಶೆಡ್ಡಿನಲ್ಲಿ ನೂಲು ಸುತ್ತುವ ತಾಯಿ ಮುನಿಗಂಗಮ್ಮ ಖಡಾಖಂಡಿತವಾಗಿ ಹೇಳಿದ್ದಳು.

"ಇದೊಂದು ಸಲ ಬರೀ. ಪಾಸಾದ್ರೆ ನಿನ್ನಿಷ್ಟ, ಓದ್ಕೊ. ಇಲ್ದಿದ್ರೆ ಸಮೇತನಹಳ್ಳಿಯೋರಿಗೆ ಹೂಂ ಅಂತೀನಿ. ಆಮೇಲೆ ಅತ್ಕೊಂಡು ಕೂತ್ಕೋಬಾರ್ದು."

ಹೆಣ್ಣು ಕೇಳಿದ್ದ ಸಮೇತನಹಳ್ಳಿಯವರು ಒಳ್ಳೆಯ ಜನವೇ. ಆದರೆ ಮದುವೆಯಾದ ಮೇಲೆ ಹುಡುಗಿ ಹೊರಗೆ ಹೋಗುವ ಹಾಗಿಲ್ಲ ಅಂತ ಮೊದಲೇ ತಿಳಿಸಿದ್ದರು.

ಮಗ್ಗದ ಚೌಕಟ್ಟಿಗೆ ಸಿಕ್ಕಿಸಿದ್ದ ಅವಳ ಗೈಡನ್ನು ಜಯಕುಮಾರ್ ನೋಡಿದ್ದು ಎರಡನೇ ದಿನ.

"ಹೇಳ್ಕೊಡ್ಲಾ?" ಎಂದು ಕೇಳಿದ.

"ನೀವು ಇಂಗ್ಲಿಷಲ್ಲಿ ಅಷ್ಟು ಜಾಣರಾ?"

"ಎರಡು ಸಲ ಡುಮ್ಕಿ ಹೊಡ್ದಿದೀನಿ ರೀ. ಮೂರನೇ ಸಲ ದಾಟ್ದೆ."

"ಅಯ್ಯೋ, ಅಂಥವರ ಹತ್ರ ಕಲಿಯೋದಾ?"

"ಎಲ್ಲೆಲ್ಲಿ ಕಾಲು ಜಾರುತ್ತೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ?"

ಆಶಾರಾಣಿ ನಗು ತಡೆದುಕೊಂಡಳು. ತಡೆದುಕೊಂಡದ್ದು ಅವನಿಗೆ ಕಾಣಿಸಿಬಿಟ್ಟಿತು.

ಪಾಠ ಶುರುವಾಯಿತು. ಮಗ್ಗದವರು ಕಿವಿಯಿಂದ ಕೇಳಿಸಿಕೊಳ್ಳುವುದಿಲ್ಲ, ಕಣ್ಣಿಂದ ಕೇಳಿಸಿಕೊಳ್ಳುತ್ತಾರೆ. ಶೆಡ್ಡಿನ ಆ ತುದಿಯಲ್ಲಿ ತುಟಿ ಆಡಿದರೆ ಈ ತುದಿಯಲ್ಲಿ ಉತ್ತರ ಬರುತ್ತದೆ. ಜಯಕುಮಾರ್ ಊರೂರಿನ ಶೆಡ್ಡು ಸುತ್ತಿದವನು, ಅವನಿಗೂ ಆ ವಿದ್ಯೆ ಗೊತ್ತಿತ್ತು. ಏಣಿಯ ಮೇಲೆ ನಿಂತು ತುಟಿಯಲ್ಲೇ ಕೇಳುತ್ತಿದ್ದ: "ಬ್ರೇವ್?" ಅವಳು ಅದನ್ನು ಓದಿಕೊಂಡು, ಮತ್ತೆ ಲಾಳಿಯ ಮೇಲೆ ಕಣ್ಣಿಟ್ಟು ವಿರುದ್ಧ ಪದ ಹೇಳುತ್ತಿದ್ದಳು: "ಕವರ್ಡ್ಲಿ."

"ಯೂ ಆರ್ ಆಂಗ್ರಿ ವಿತ್ ಮಿ..."

"ಆರೆಂಟ್ ಯೂ?"

"ಯೂ ವಿಲ್ ಸ್ಮೈಲ್ ನೌ..."

ಅವಳು ಉತ್ತರ ಹೇಳದೆ ತಲೆ ತಗ್ಗಿಸಿದಳು. ಪಕ್ಕದ ಮಗ್ಗದ ಅಕ್ಷತ ಎಲ್ಲವನ್ನೂ ಓದಿಕೊಂಡು, "ವೋಂಟ್ ಯೂ, ಅಂತ ಹೇಳೇ, ನಂಗೇ ಬಂತು!" ಎಂದು ಕಣ್ಣು ಹೊಡೆದಳು.

ಆದರೆ ಒಂದು ತೊಡಕಿತ್ತು. ಊಟದ ಹೊತ್ತಿಗೆ ಮಗ್ಗ ನಿಂತಾಗ ಓದು ಅಂತ ಗದ್ಯಭಾಗ ಕೊಟ್ಟರೆ ಆಶಾರಾಣಿಯ ನಾಲಿಗೆ ಏಳುತ್ತಿರಲಿಲ್ಲ. ಗೊತ್ತಿದ್ದ ಪದಗಳೇ ಗೊತ್ತಿಲ್ಲದವರ ಹಾಗೆ ಮುಖ ನೋಡುತ್ತಿದ್ದವು.

"ಸದ್ದಿಲ್ದಿದ್ರೆ ನಂಗೆ ಭಯ ಆಗುತ್ತೆ ಕಣ್ರೀ. ನಾನು ತಪ್ಪು ಹೇಳಿದ್ದು ಎಲ್ಲರಿಗೂ ಕೇಳಿಸ್ಬಿಡುತ್ತೆ ಅನ್ಸುತ್ತೆ."

"ಪರೀಕ್ಷೆ ಹಾಲಲ್ಲಿ ಮಗ್ಗ ಇರಲ್ಲ ರೀ. ದಿನಾ ಸ್ವಲ್ಪ ಹೊತ್ತು ಸುಮ್ಮನಿರೋ ಕಡೆ ಓದಿ. ಕೇಳಿಸ್ಲಿ ಬಿಡಿ, ಏನಾಗುತ್ತೆ? ಮೊದಲನೇ ದಿನ ನಂಗೆ ಕೇಳಿಸ್ತಲ್ಲ, ಏನಾದ್ರೂ ಕಳ್ಕೊಂಡ್ರಾ?"

ಕಳೆದುಕೊಂಡಿದ್ದಳು. ಅದನ್ನು ಅವನಿಗೆ ಹೇಳುವುದು ಹೇಗೆ? ಮಗ್ಗ ಓಡುವಾಗ ಅವನ ಬೆನ್ನು ನೋಡುತ್ತಾ ಎಷ್ಟೋ ಸಲ ಜೋರಾಗಿ ಹೇಳಿಯೇ ಹೇಳಿದ್ದಳು. "ನೀವಂದ್ರೆ ನಂಗೆ ಇಷ್ಟ..." ಆ ಗದ್ದಲಕ್ಕೆ ತನ್ನ ಮಾತು ತನಗೇ ಕೇಳಿಸುತ್ತಿರಲಿಲ್ಲ. ಅದೇ ಅವಳ ಧೈರ್ಯ.

*

ಪರೀಕ್ಷೆ ಹತ್ತಿರ ಬಂತು. ಒಂದು ಮಧ್ಯಾಹ್ನ ಆಶಾರಾಣಿ ದಾರ ಕತ್ತರಿಸಿ ತಲೆ ಎತ್ತಿದಳು. ಶೆಡ್ಡಿನ ಆ ಕೊನೆಯಲ್ಲಿ ಅಮ್ಮ ಜಯಕುಮಾರನ ಎದುರು ನಿಂತಿದ್ದಳು. ಅಮ್ಮನ ಬೆನ್ನು ಇತ್ತ ಕಡೆ. ಕಾಣುತ್ತಿದ್ದದ್ದು ಅವನ ಮುಖ ಮಾತ್ರ.

ಅಮ್ಮ ಏನು ಕೇಳಿದಳೋ ತಿಳಿಯಲಿಲ್ಲ. ಅವನ ತುಟಿ ಮಾತ್ರ ಅಚ್ಚೊತ್ತಿದ ಹಾಗೆ ಸ್ಪಷ್ಟವಾಗಿತ್ತು.

"ಇಲ್ಲಮ್ಮ. ಅಂಥದ್ದೇನೂ ಇಲ್ಲ."

ಅಮ್ಮ ಕೈಯಾಡಿಸುತ್ತಾ ಮತ್ತೇನೋ ಹೇಳಿದ ಮೇಲೆ, "ಸರಿ. ಇನ್ಮೇಲೆ ಅವರ ಹತ್ರ ಹೋಗಲ್ಲ."

ಆಶಾರಾಣಿಯ ಕೈ ತಪ್ಪಿತು. ಲಾಳಿ ಸಿಕ್ಕಿಕೊಂಡು ಹಾಸಿನ ಎಳೆಗಳು ಪಟಪಟನೆ ಹರಿದವು.

'ಅಮ್ಮ ನನ್ ಮಗಳನ್ನ ಮದುವೆ ಆಗ್ತೀಯೇನಪ್ಪಾ ಅಂತ ಕೇಳಿರ್ತಾಳೆ. ಅಂಥದ್ದೇನೂ ಇಲ್ಲ ಅಂದ್ಬಿಟ್ಟ... ಅಷ್ಟು ಸಲೀಸಾಗಿ...'

ಸಂಜೆ ಮಗ್ಗಗಳ ನಡುವಿನ ಓಣಿಯಲ್ಲಿ ಅವನನ್ನು ಅಡ್ಡಗಟ್ಟಿದಳು.

"ಅಮ್ಮನ ಹತ್ರ ಏನ್ ಹೇಳಿದ್ರಿ?"

ಅವನ ಮುಖ ಬಾಡಿತು. "ಪರೀಕ್ಷೆ ಚೆನ್ನಾಗಿ ಬರೀರಿ," ಎಂದ. ಅಷ್ಟು ಹೇಳಿ ಮುಖ ಆಚೆ ತಿರುಗಿಸಿದ.

ಬೇರೆ ಕಡೆ ಇದು ದೊಡ್ಡ ವಿಷಯವಲ್ಲ. ಮಗ್ಗದ ಶೆಡ್ಡಿನಲ್ಲಿ ಮಾತನಾಡುತ್ತಿದ್ದವರು ಮುಖ ತಿರುಗಿಸಿದರೆ ಬಾಗಿಲು ಹಾಕಿಕೊಂಡಂತೆ. ಆಮೇಲೆ ನೀವು ಎಷ್ಟು ತುಟಿ ಆಡಿಸಿದರೂ ಅವರಿಗೆ ತಲುಪುವುದಿಲ್ಲ. ಆಶಾರಾಣಿ ಗೈಡು ಎದೆಗವಚಿಕೊಂಡು ಮನೆಗೆ ನಡೆದಳು.

ಮರುದಿನದಿಂದ ಏಣಿಯ ಮೇಲಿಂದ ಒಂದು ಪದವೂ ಬರಲಿಲ್ಲ.

*

ಪರೀಕ್ಷೆಯ ಹಾಲಿನಲ್ಲಿ ಫ್ಯಾನು ಕೂಡ ಸದ್ದು ಮಾಡುತ್ತಿರಲಿಲ್ಲ.

ಪ್ರಶ್ನೆಪತ್ರಿಕೆ ಕೈಗೆ ಬಂತು. ಗದ್ಯಭಾಗದ ಮೊದಲ ಸಾಲು ಓದಿದಳು. ಏನೂ ತಲೆಗೆ ಹೋಗಲಿಲ್ಲ. ಮತ್ತೆ ಓದಿದಳು. ಅಕ್ಷರಗಳು ಇದ್ದವು, ಅರ್ಥ ಇರಲಿಲ್ಲ. ಸುತ್ತ ಪೆನ್ನುಗಳ ಸರಸರ...

'ಪರೀಕ್ಷೆ ಹಾಲಲ್ಲಿ ಮಗ್ಗ ಇರಲ್ಲ ರೀ.'

ಕಣ್ಣು ಮುಚ್ಚಿದಳು. ಮಗ್ಗದ ಸದ್ದನ್ನು ನೆನಪಿಸಿಕೊಂಡಳು. ಟಕಟಕ, ಟಕಟಕ... ತುಟಿ ತಾನಾಗಿಯೇ ಆಡತೊಡಗಿತು. ಒಂದು ಪದ ಬಂತು. ಅದರ ಹಿಂದೆ ಇನ್ನೊಂದು. ಅವಳು ಬರೆಯಲು ಹಿಡಿದಳು.

"ಏಯ್, ಎದ್ದೇಳು."

ಮೇಲ್ವಿಚಾರಕಿ ಬೆಂಚಿನ ಪಕ್ಕ ನಿಂತಿದ್ದರು. ಉತ್ತರ ಪತ್ರಿಕೆ ಆಗಲೇ ಅವರ ಕೈಯಲ್ಲಿತ್ತು.

"ಆಗಿಂದ ನೋಡ್ತಿದೀನಿ. ಯಾರಿಗೆ ಉತ್ತರ ಹೇಳ್ತಿದೀಯಾ?"

"ಯಾರಿಗೂ ಇಲ್ಲ ಮೇಡಂ."

"ಮತ್ತೆ ತುಟಿ ಯಾಕೆ ಆಡ್ತಿದೆ? ಹೊರಗೆ ಕಳಿಸ್ಬೇಕಾಗುತ್ತೆ."

ಹಾಲಿನ ಕಣ್ಣುಗಳೆಲ್ಲ ಅವಳ ಮೇಲೆ. ಹೊರಗೆ ಕಳಿಸಿದರೆ ಮುಗಿಯಿತು. ಅಂಚೂ ಇಲ್ಲ, ತರಬೇತಿಯೂ ಇಲ್ಲ. ಆ ಮೌನದಲ್ಲಿ, ಅವಳು ಅಷ್ಟು ಹೆದರುತ್ತಿದ್ದ ಮೌನದಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ ಬಾಯಿ ಬಿಡಲೇಬೇಕಾಯಿತು.

"ಮೇಡಂ, ನಾನು ಮಗ್ಗದ ಕೆಲಸದೋಳು. ಆ ಸದ್ದಲ್ಲೇ ಓದಿರೋದು. ತುಟಿ ಆಡಿಸ್ದಿದ್ರೆ ನಂಗೆ ಪದ ಬರಲ್ಲ. ಎಲ್ಲಿ ಬೇಕಾದ್ರೂ ಕೂರ್ಸಿ ಮೇಡಂ, ಹೊರಗೆ ಮಾತ್ರ ಕಳಿಸ್ಬೇಡಿ. ಇದೇ ನಂಗೆ ಕೊನೇ ಸಲ."

ಮಾತು ಕೊನೆಯ ಬೆಂಚಿನವರೆಗೂ ಕೇಳಿಸಿತು.

ಆಕೆ ಉತ್ತರ ಪತ್ರಿಕೆಯನ್ನು ಅವಳ ಕೈಗೆ ವಾಪಸು ಕೊಟ್ಟರು. ಆಮೇಲೆ ಎಲ್ಲರಿಗಿಂತ ಮುಂದೆ, ಕಪ್ಪುಹಲಗೆಗೆ ಮುಖ ಮಾಡಿ ಒಂದು ಕುರ್ಚಿ ಹಾಕಿಸಿದರು.

"ಹೋಗು. ಆ ಹಲಗೆಗೆ ಹೇಳ್ಕೊಂಡು ಬರಿ."

ಹಲಗೆಯ ಮೇಲೆ ಆಶಾರಾಣಿಗೆ ಕಂಡದ್ದು ಏಣಿ, ಏಣಿಯ ಮೇಲಿನ ಅವನ ಮುಖ. ಕೋಪ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡು, ಅವನು ಕೇಳಿದಂತೆ, ತಾನು ಹೇಳಿದಂತೆ, ಗಂಟೆ ಬಾರಿಸುವವರೆಗೂ ಬರೆದಳು.

*

ಫಲಿತಾಂಶದ ದಿನ ಮೊಬೈಲ್ ನೋಡಿದ್ದು ಅಕ್ಷತ. ಶೆಡ್ಡಿನ ಹೊರಗಿನ ಬೇವಿನ ಮರದ ಕೆಳಗೆ ಅವಳು ಆಶಾರಾಣಿಯನ್ನು ತಬ್ಬಿ ಎತ್ತಿಬಿಟ್ಟಳು.

"ಪಾಸ್ ಕಣೇ! ಇಂಗ್ಲಿಷು ಪಾಸ್!"

ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಮುನಿಗಂಗಮ್ಮ ಬಂದಳು. ಮಗಳ ಮುಖದಲ್ಲಿ ಮಾತ್ರ ನಗು ಇರಲಿಲ್ಲ.

"ಯಾಕೇ ಹಿಂಗಿದೀಯಾ? ಗೆದ್ಯಲ್ಲ."

"ತರಬೇತಿ ಮುಗಿಸ್ತೀನಮ್ಮ. ಆಮೇಲೆ ನೀನು ಯಾರನ್ನ ತೋರಿಸಿದ್ರೂ ಸರಿ. ನಂಗೆ ಯಾರಾದ್ರೂ ಒಂದೇ."

ಆ ಮಾತು ತಾಯಿಯ ಕರುಳಿಗೆ ನಾಟಿತು. ಮುನಿಗಂಗಮ್ಮ ಮರದ ಬುಡದಲ್ಲಿ ಕುಸಿದು ಕೂತಳು.

"ಆಶಾ... ಆವತ್ತು ಆ ಹುಡುಗನಿಗೆ ನಾನೇ ಹೇಳಿದ್ದು ಕಣೇ."

"ಏನಂತ?"

"ಶೆಡ್ಡಲ್ಲಿ ಜನ ಆಡ್ಕೋತಿದ್ರು. ಸಮೇತನಹಳ್ಳಿವರ್ಗೂ ಹೋದ್ರೆ ಗತಿಯೇನು ಅಂತ ಹೆದ್ರಿಕೆ ಆಯ್ತು. ನನ್ ಮಗಳ ಜೊತೆ ಏನಾದ್ರೂ ಮಾತುಕತೆ ನಡ್ಸಿದೀಯಾ ಅಂದೆ. ಅಂಥದ್ದೇನೂ ಇಲ್ಲ ಅಂದ. ಹಂಗಾದ್ರೆ ಅವಳಿಂದ ದೂರ ಇರು, ಇದನ್ನ ಅವಳಿಗೆ ಹೇಳಲೂ ಬೇಡ, ಇಲ್ದಿದ್ರೆ ಪರೀಕ್ಷೆಗೇ ಕಳಿಸಲ್ಲ ಅಂದ್ಬಿಟ್ಟೆ."

ಆಶಾರಾಣಿ ಅಮ್ಮನ ಎದುರು ಕೂತಳು. "ಅದಕ್ಕೆ ಅವರು?"

"ಸರಿ ಅಂದ. ಆಮೇಲೆ ಕೈ ಮುಗ್ದು, ಅವರನ್ನ ಪರೀಕ್ಷೆಗೆ ಮಾತ್ರ ತಪ್ಪಿಸ್ಬೇಡಿ ಅಮ್ಮ ಅಂದ. ಕೊಟ್ಟ ಮಾತು ಮೀರ್ಲಿಲ್ಲ ಕಣೇ. ಇಷ್ಟು ದಿನ ನಾನೂ ನೋಡ್ದೆ, ಒಂದು ಸಲಾನೂ ನಿನ್ ಕಡೆ ತಿರುಗ್ಲಿಲ್ಲ. ನೀನು ಬಗ್ಗಿ ಎಳೆ ಕಟ್ಟೋವಾಗ ಮಾತ್ರ ನೋಡೋನು." ಮೂಗೊರೆಸಿಕೊಂಡು ಮುನಿಗಂಗಮ್ಮ ಹೇಳಿದಳು, "ಪಾಸೋ ಫೇಲೋ ಏನಾದ್ರೂ ಆಗ್ಲಿ ಅಂತ ಸಮೇತನಹಳ್ಳಿಯೋರಿಗೆ ಬೆಳಿಗ್ಗೆನೇ ಬೇಡ ಅಂತ ಫೋನ್ ಮಾಡಿಸ್ದೆ. ಆ ಹುಡುಗನ ಕೆಲಸ ಇವತ್ತಿಗೆ ಮುಗೀತಂತೆ. ಹೊರಟೋಗ್ತಾನೆ."

ಆಶಾರಾಣಿ ಮಿಕ್ಕದ್ದನ್ನು ಕೇಳಿಸಿಕೊಳ್ಳಲಿಲ್ಲ. ಓಡಿದಳು.

ಶೆಡ್ಡಿನೊಳಗೆ ಮಗ್ಗಗಳು ಭೋರ್ಗರೆಯುತ್ತಿದ್ದವು. ಆ ಕೊನೆಯಲ್ಲಿ ಜಯಕುಮಾರ್ ಏಣಿಯ ಮೇಲಿದ್ದ, ಬೆನ್ನು ಇತ್ತ. ಏಣಿಯ ಬುಡದಲ್ಲಿ ಚೀಲ ಕಟ್ಟಿ ಸಿದ್ಧವಾಗಿತ್ತು.

"ಜಯಕುಮಾರ್!"

ಕೇಳಿಸಲಿಲ್ಲ. ಹೇಗೆ ಕೇಳಿಸೀತು? ಮತ್ತೆ ಕೂಗಿದಳು. ಇಷ್ಟು ದಿನ ಅವಳ ಮಾತನ್ನು ಬಚ್ಚಿಟ್ಟುಕೊಂಡು ಕಾಪಾಡಿದ ಸದ್ದು ಇವತ್ತು ಅವಳ ಶತ್ರುವಾಗಿತ್ತು.

ಬಾಗಿಲ ಪಕ್ಕದಲ್ಲಿ ಕುಂಕುಮ ಹಚ್ಚಿದ ಸ್ವಿಚ್ಚು ಕಾಣಿಸಿತು. ಆಶಾರಾಣಿ ಒಂದು ಕ್ಷಣ ಹಿಂಜರಿದಳು. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಕೆಳಕ್ಕೆ ಎಳೆದೇಬಿಟ್ಟಳು.

ಎಲ್ಲ ಮಗ್ಗಗಳೂ ನಿಂತವು.

"ಯಾರಲೇ ಅದು, ನನ್ ಸ್ವಿಚ್ ಮುಟ್ಟಿದ್ದು?" ಚಿನ್ನಸ್ವಾಮಿ ರೂಮಿನಿಂದ ಹೊರಗೆ ಬಂದ. ಆಶಾರಾಣಿಯನ್ನು ನೋಡಿ ಅಲ್ಲೇ ನಿಂತ.

ಏಣಿಯ ಮೇಲಿನವನು ತಿರುಗಿದ. ಶೆಡ್ಡಿನ ಅಷ್ಟೂ ಜನ ನೋಡುತ್ತಿದ್ದರು. ಸೂಜಿ ಬಿದ್ದರೂ ಕೇಳುವಂಥ ಮೌನ. ಆಶಾರಾಣಿಗೆ ಭಯವಾಯಿತು. ಆದರೂ ಹೇಳಿದಳು.

"ಐ ಹ್ಯಾವ್ ಬೀನ್ ವೈಟಿಂಗ್ ಫಾರ್ ಯೂ..." ಒಂದು ಹೆಜ್ಜೆ ಮುಂದಿಟ್ಟಳು. "...ಸಿನ್ಸ್ ದಟ್ ಡೇ."

ಯಾರೂ ನಗಲಿಲ್ಲ.

ಜಯಕುಮಾರ್ ಏಣಿ ಇಳಿದ. ಮಗ್ಗಗಳ ನಡುವಿನ ಓಣಿಯಲ್ಲಿ ನಡೆದು ಬಂದ. ಮುನಿಗಂಗಮ್ಮ ಬಾಗಿಲಲ್ಲಿ ನಿಂತಿದ್ದಳು. ಅವನು ಮೊದಲು ಅವಳ ಕಡೆ ನೋಡಿದ. ಅವಳು ಹೂಂ ಎಂಬಂತೆ ತಲೆಯಾಡಿಸಿದಳು. ಆಗಷ್ಟೇ ಅವನು ಆಶಾರಾಣಿಯ ಮುಖ ನೋಡಿದ, ಎಷ್ಟೋ ದಿನದ ಮೇಲೆ ನೇರವಾಗಿ, ತಿರುಗಿಸಿಕೊಳ್ಳದೆ.

"ಸಾರಿ ರೀ," ಎಂದ. ಅವನ ಕಣ್ಣು ತುಂಬಿತ್ತು. "ಲೇಟಾಯ್ತು."

ಚಿನ್ನಸ್ವಾಮಿ ಕೆಮ್ಮಿದ. "ಆಯ್ತಾ? ಇನ್ನಾದ್ರೂ ಮಗ್ಗ ಓಡಿಸ್ಬೋದಾ?" ಎನ್ನುತ್ತಾ ತಾನೇ ಬಂದು ಸ್ವಿಚ್ಚು ಮೇಲೆತ್ತಿದ.

ಮತ್ತೆ ಅದೇ ಗದ್ದಲ. ಅದರೊಳಗೆ ಜಯಕುಮಾರನ ತುಟಿ ಆಡಿತು. ಪುಟ್ಟ ಮಾತು. ಶೆಡ್ಡಿನಲ್ಲಿ ಅದನ್ನು ಓದಲಾರದವರು ಯಾರೂ ಇರಲಿಲ್ಲ. ಅದಕ್ಕೇ ಅಕ್ಷತ ದಾರ ಹುಡುಕುವವಳಂತೆ ಬಗ್ಗಿದಳು. ಮುನಿಗಂಗಮ್ಮ ಮೆಲ್ಲಗೆ ಮುಖ ಆಚೆ ತಿರುಗಿಸಿಕೊಂಡಳು.

ಹುಟ್ಟಿದಾಗಿನಿಂದ ಮಗ್ಗದ ಪಕ್ಕದಲ್ಲೇ ಬೆಳೆದ ಆಶಾರಾಣಿ ಗೊತ್ತಾಗಲಿಲ್ಲ ಎಂಬಂತೆ ತಲೆಯಾಡಿಸಿದಳು.

"ಏನಂದ್ರಿ?"

"ಗೊತ್ತಾಯ್ತಲ್ಲ ನಿಮಗೆ."

"ಆಯ್ತು," ಎಂದಳು ತುಟಿಯಲ್ಲೇ, ಅವನ ಎದುರಿಗೆ ಬಂದು. "ಇನ್ನೊಂದ್ಸಲ ಹೇಳಿ."